ಮೂಗು ಕೈಕೊಟ್ಟ ಚಳಿಗಾಲ

ಪಂಚೇಂದ್ರಿಯಗಳಲ್ಲಿ ಮೂಗೇ ಶ್ರೇಷ್ಠ. ಕಣ್ಣು ಮೋಸಹೋಗುತ್ತದೆ, ಕಿವಿ ತನಗೆ ಬೇಕಾದದ್ದನ್ನಷ್ಟೇ ಕೇಳುತ್ತದೆ, ನಾಲಿಗೆಯ ಚಾರಿತ್ರ್ಯದ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಮೂಗೊಂದೇ ಹುಟ್ಟಿದಂದಿನಿಂದ ಮನುಷ್ಯನಿಗಿಂತ ಒಂದು ಅಂಗುಲ ಮುಂದೆ ನಡೆದು ದಾರಿ ತೋರಿಸುತ್ತದೆ. ಹೀಗೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಹೇಳುತ್ತಿರುವವನು ನಾನು, ಮತ್ತು ಮೂವತ್ತೊಂದು ವರ್ಷ ನನಗೆ ಸಂಬಳ ಬಂದದ್ದು ಮೂಗಿನಿಂದ.

ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ಚೀಲಕ್ಕೆ ಮೂಗಿಟ್ಟು ಇದು ಈ ವರ್ಷದ್ದು, ಇದು ಹೋದ ವರ್ಷದ್ದು, ಇದಕ್ಕೆ ಯಾರೋ ಪುಣ್ಯಾತ್ಮರು ನೀರು ಚಿಮುಕಿಸಿದ್ದಾರೆ, ಇದು ಇನ್ನು ಹದಿನೈದು ದಿನಕ್ಕೆ ಮುಗ್ಗುತ್ತದೆ ಎಂದು ಹೇಳುವುದು ನನ್ನ ಉದ್ಯೋಗವಾಗಿತ್ತು. ಹೇಳಿದ್ದು ಸುಳ್ಳಾದದ್ದಿಲ್ಲ. ಊರಲ್ಲಿ ನನ್ನ ಹೆಸರಿಗಿಂತ ನನ್ನ ಮೂಗಿಗೆ ಹೆಚ್ಚು ಮರ್ಯಾದೆ ಇತ್ತು. ಮದುವೆ ಮನೆಗಳಲ್ಲಿ ತುಪ್ಪ ಮೂಸಿ ನೋಡಲು ಕರೆಯುತ್ತಿದ್ದರು.

ಹೋದ ತಿಂಗಳು ಹುಬ್ಬಳ್ಳಿಯ ಒಂದು ನರ್ಸರಿಯಲ್ಲಿ ನನ್ನ ಹೆಂಡತಿ ಮಲ್ಲಿಗೆ ಬಳ್ಳಿಯ ದರದ ಬಗ್ಗೆ ಧರ್ಮಯುದ್ಧ ನಡೆಸುತ್ತಿದ್ದಾಗ ನಾನು ಮೆಲ್ಲಗೆ ಹಿಂದೆ ಸರಿದೆ. ಮೊಣಕೈ ಒಂದು ಕುಂಡಕ್ಕೆ ತಾಗಿತು. ವೀಳ್ಯದೆಲೆಯ ಆಕಾರದ, ಹಸಿರು, ಕೆಂಪು, ಹಳದಿ ಬೆರೆತ ಎಲೆಯ ಅಲಂಕಾರದ ಗಿಡ. ಒಂದು ಎಲೆ ಜಜ್ಜಿತು. ಕೂಡಲೇ ಮೀನು ಮಾರುಕಟ್ಟೆಯೇ ಎದ್ದು ಬಂದಂಥ ವಾಸನೆ.

“ಯವ್ವಾ, ಏನ್ ನಾತರೀ ಇದು!” ಎಂದು ಹೆಂಡತಿ ಸೆರಗನ್ನು ಮೂಗಿಗೆ ಹಿಡಿದಳು. ನಾನು ಆ ಎಲೆ ಕಿತ್ತು, ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡೆ. ತಲೆತಲಾಂತರದಿಂದ ಮೊಟ್ಟೆಯನ್ನೂ ಮುಟ್ಟದ ಮನೆತನದ ಅರವತ್ತು ದಾಟಿದ ಗಂಡಸು ಮೀನಿನ ವಾಸನೆಗೆ ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ಕಂಡು ನರ್ಸರಿಯವನು ಗಾಬರಿಯಾಗಿ ಮಲ್ಲಿಗೆಯ ದರ ಇಳಿಸಿದ. ಅವನಿಗೆ ತಿಳಿಯದು, ನಾನಾಗಲೇ ಐರ್ಲೆಂಡಿನಲ್ಲಿದ್ದೆ.

ಕಾರ್ಕ್ ಪಟ್ಟಣದ ಮಗ್ಗುಲಲ್ಲಿ ಲಿಟಲ್ ಐಲ್ಯಾಂಡ್ ಎಂಬ ಜಾಗವಿದೆ. ಹೆಸರಿಗೆ ದ್ವೀಪ, ನೋಡಿದರೆ ಬರೀ ಕಾರ್ಖಾನೆ, ಗೋದಾಮು, ನಿಲ್ಲಿಸಿದ ಕಾರು. ಅಲ್ಲಿನ ಒಂದು ಮಸಾಲೆ ಕಾರ್ಖಾನೆಗೆ ನಮ್ಮ ಮೆಣಸಿನಕಾಯಿ ಹೋಗುತ್ತಿತ್ತು. ನನ್ನ ನೌಕರಿಯ ಕೊನೆಯ ವರ್ಷ ಕೆಲವು ಚೀಲ ಮುಗ್ಗಲು ಬಂದವೆಂದು ತಕರಾರು ಬಂತು. ನಮ್ಮ ಸಾಹುಕಾರರು ನನ್ನನ್ನು ಕರೆದು, “ಇನ್ನೊಂದ್ ಸಲ ಹಿಂಗಾತಂದ್ರ ಗಿರಾಕಿ ಹೋತು. ನೀವ ಹೋಗ್ರಿ. ಮುಂದಿನ ಹಡಗಿನ ಮಾಲು ಅಲ್ಲೇ ನಿಂತು ಮೂಸಿ ಸಹಿ ಮಾಡ್ರಿ. ನೀವು ಸಹಿ ಮಾಡಿದ್ ಚೀಲಾ ಅಷ್ಟ ತಗೋತೀವಿ ಅಂತ ಒಪ್ಪ್ಯಾರ” ಎಂದರು. ಹೀಗೆ ಜನವರಿಯ ಮಧ್ಯದಲ್ಲಿ, ಎರಡು ಸ್ವೆಟರು ಮತ್ತು ಒಂದು ಮೂಗಿನೊಂದಿಗೆ, ನಾನು ವಿಮಾನ ಹತ್ತಿದೆ.

ಉಳಿದುಕೊಳ್ಳಲು ಬ್ಯಾಲಿನ್‌ಕೊಲಿಗ್‌ನಲ್ಲಿ ಇರ್ಫಾನನ ಮನೆಯ ಮಾಳಿಗೆಯ ಕೋಣೆ. ಇರ್ಫಾನ್ ಹುಬ್ಬಳ್ಳಿಯವನು, ಅದೇ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು, ಅಲ್ಲಿಗೆ ಹೋಗಿ ಹನ್ನೆರಡು ವರ್ಷವಾಗಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮಗಳು ಸಾನಿಯಾ ಒಂಬತ್ತು ವರ್ಷದವಳು. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಕಾರ್ಕ್ ರಾಗದ ಇಂಗ್ಲಿಷಿನಲ್ಲಿ.

ಆ ದೇಶದಲ್ಲಿ ಮಳೆ ಬೀಳುವುದಿಲ್ಲ, ಇರುತ್ತದೆ. ಹತ್ತನೆಯ ದಿನಕ್ಕೆ ನನಗೆ ನೆಗಡಿ ಹಿಡಿಯಿತು. ವಾರದಲ್ಲಿ ಬಿಟ್ಟಿತು. ಬಿಟ್ಟು ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲವೆಂದು ನನಗೆ ತಿಳಿದದ್ದು ಒಂದು ಬೆಳಗ್ಗೆ, ಬ್ರೆಡ್ಡು ಸುಡಲು ಇಟ್ಟು ನಿಂತಿದ್ದಾಗ. ಛಾವಣಿಗೆ ಅಂಟಿಸಿದ್ದ ಹೊಗೆ ಪತ್ತೆಯ ಯಂತ್ರ ಕಿರುಚಿತು. ನೋಡುತ್ತೇನೆ, ಅಡುಗೆಮನೆ ತುಂಬ ಹೊಗೆ, ಬ್ರೆಡ್ಡು ಇದ್ದಿಲು. ಹೊಗೆಯ ಮಧ್ಯದಲ್ಲೇ ನಿಂತು ನನಗೆ ಏನೂ ವಾಸನೆ ಬಂದಿರಲಿಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಂದು ಬ್ಯಾಡಗಿಯ ಮೂಗನ್ನು ಸೋಲಿಸಿತ್ತು.

ಕಾಫಿ ಮೂಸಿದೆ, ಸಾಬೂನು ಮೂಸಿದೆ, ಕೊನೆಗೆ ನನ್ನ ಕಾಲುಚೀಲವನ್ನೇ ಮೂಸಿದೆ. ಶೂನ್ಯ. ಬಾಯಿಗೆ ಉಪ್ಪು, ಹುಳಿ, ಖಾರ ತಿಳಿಯುತ್ತಿತ್ತು. ಅದರಾಚೆಗೆ ಅನ್ನವೂ ಒಂದೇ, ಅರಳೆಯೂ ಒಂದೇ. ಮನೆಯಲ್ಲಿ ನರ್ಸಮ್ಮ ಇದ್ದರೂ ಅವರಿಗೆ ತಿಳಿಯದಂತೆ ರೋಗ ಮುಚ್ಚಿಟ್ಟುಕೊಂಡೆ. ಗಂಡಸರ ವಿವೇಕ ಎಂಬುದೊಂದಿದೆಯಲ್ಲ.

ಫೆಬ್ರವರಿಯಲ್ಲಿ ಹಡಗು ಬಂತು. ನಲವತ್ತೆರಡು ಚೀಲ. ಗೋದಾಮಿನ ಮೇಲ್ವಿಚಾರಕ ಡೆಕ್ಲನ್, ಆರೂವರೆ ಅಡಿಯ ಸಾಧು ಮನುಷ್ಯ, ಕತ್ತರಿ ಹಿಡಿದು ನಿಂತು, “ಬಿಚ್ಚೋಣವೇ?” ಎಂದು ಕೇಳಿದ.

ಮೂವತ್ತೊಂದು ವರ್ಷದಲ್ಲಿ ನಾನು ಮೂಸದ ಚೀಲಕ್ಕೆ ಸಹಿ ಹಾಕಿದವನಲ್ಲ. ಹಾಕಿದರೆ ಸುಳ್ಳಾಗುತ್ತದೆ; ಹಾಕದಿದ್ದರೆ ಮಾಲು ನಿಲ್ಲುತ್ತದೆ; ನಿಜ ಹೇಳಿದರೆ ಗಿರಾಕಿಯೂ ಹೋಗುತ್ತಾನೆ, ನಾನೂ ಹೋಗುತ್ತೇನೆ. ಚೀಲಗಳನ್ನು ಒಮ್ಮೆ ಪ್ರದಕ್ಷಿಣೆ ಬಂದೆ. ಒಂದರ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದೆ.

“ಇಲ್ಲ” ಎಂದೆ. “ಸಮುದ್ರ ದಾಟಿ ಬಂದಿವೆ. ವಿಶ್ರಾಂತಿ ಬೇಕು.”

“ಚೀಲಗಳಿಗೆ?”

“ಆರು ವಾರ.”

ಡೆಕ್ಲನ್ ಚೀಲಗಳನ್ನು ನೋಡಿದ, ನನ್ನನ್ನು ನೋಡಿದ. “ಗ್ರಾಂಡ್” ಎಂದ. ಆ ದೇಶದಲ್ಲಿ ಈ ಒಂದು ಮಾತಿನಿಂದ ಎಲ್ಲ ವ್ಯವಹಾರವೂ ಮುಗಿಯುತ್ತದೆ. ಗೋದಾಮಿನ ನಿಯಮಗಳ ಪುಸ್ತಕ ತೆಗೆದು ಬರೆದುಕೊಂಡ. ಅವನು ಬರೆದುಕೊಂಡದ್ದು ನನಗೆ ಸ್ವಲ್ಪ ಮುಜುಗರವೆನಿಸಿತು.

ಆ ವಾರವೇ ಇರ್ಫಾನ್, “ಸರ್, ಊಟಾನ ಬಿಟ್ಟಬಿಟ್ಟೀರಿ. ಇವತ್ತ ಹೊರಗ ಹೋಗೋಣ್ರಿ, ಚೈನೀಸ್” ಎಂದ.

“ಗೋಬಿ ಏನಪಾ?”

“ನಮ್ಮ ಹುಬ್ಬಳ್ಳಿ ಗೋಬಿ ಗಾಡಿ ಮರೆತುಬಿಡ್ರಿ ಸರ್. ಇದು ಬ್ಯಾರೇನ ಐತಿ. ಅವರದೂ ಮೆಣಸಿನಕಾಯಿ ಸೀಮೇನ.”

ಕಾರ್ಕಿನ ಒಂದು ಓಣಿಯಲ್ಲಿ, ಚಪ್ಪಲಿ ರಿಪೇರಿ ಅಂಗಡಿಗೂ ಇನ್ನೊಂದು ಮುಚ್ಚಿದ ಅಂಗಡಿಗೂ ನಡುವೆ ಒಂಬತ್ತು ಮೇಜಿನ ಹೋಟೆಲು. ಕುರ್ಚಿಗಳು ಒಂದಕ್ಕೊಂದು ಸಂಬಂಧವಿಲ್ಲದವು. ಕಿಟಕಿಯ ಗಾಜಿಗೆ ಒಳಗಿನಿಂದ ಹಬೆ, ಹೊರಗಿನಿಂದ ಮಳೆ. ನಡೆಸುತ್ತಿದ್ದವಳು ಲಿನ್ ಎಂಬ ಐವತ್ತರ ಹೆಂಗಸು, ಚೀನಾದ ಗ್ವೇಯ್‌ಝೋ ಎಂಬ ಗುಡ್ಡಗಾಡಿನವಳು. ಅಡುಗೆ ಅವಳ ಗಂಡನದು, ಆತ ಹೊರಗೆ ಬರುತ್ತಿದ್ದುದು ಅಪರೂಪ. ನಾವು ಹೋದಾಗ ಅವಳು ಗಲ್ಲಾದ ಪಕ್ಕದಲ್ಲೇ ಕಲ್ಲಿನ ಕುಟ್ಟಣಿಯಲ್ಲಿ ನೆನೆಸಿದ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ ಹಾಕಿ ಕುಟ್ಟುತ್ತಿದ್ದಳು. ನನಗೆ ನಮ್ಮ ಮನೆಯ ಕೆಂಪು ಚಟ್ನಿ, ರಂಜಕವೇ ಕಣ್ಣಿಗೆ ಕಟ್ಟಿತು. ಕಣ್ಣಿಗೆ ಮಾತ್ರ.

ಇರ್ಫಾನ್ ಅವಳಿಗೆ ನಮ್ಮ ನಿಯಮಾವಳಿ ಒಪ್ಪಿಸಿದ: ತನಗೆ ಹಂದಿಯೂ ಬೇಡ, ಹಂದಿ ಹುರಿದ ಬಾಣಲೆಯೂ ಬೇಡ, ಮೀನಾದರೆ ಆಯಿತು, ಈ ಹಿರಿಯರಿಗೆ ಉಸಿರಾಡಿದ್ದು ಯಾವುದೂ ಬೇಡ. ಲಿನ್ ಬೇಸರಿಸಲಿಲ್ಲ. ತಮ್ಮ ಊರಲ್ಲೂ ಹೀಗೆ ಬೇರೆ ಬೇರೆ ನೇಮದವರಿದ್ದಾರೆಂದು ಹೇಳಿ, ಎರಡು ಹೊಸ ಬಾಣಲೆ ತೆಗೆದು ಒಂದರ ಹಿಡಿಗೆ ನೀಲಿ ದಾರ, ಒಂದಕ್ಕೆ ಹಸಿರು ದಾರ ಕಟ್ಟಿದಳು.

ಮೊದಲು ಬಂದದ್ದು ಎಳೆಎಳೆಯಾಗಿ ಹೆಚ್ಚಿ ಹುರಿದ ಆಲೂಗಡ್ಡೆ. ಇನ್ನೂ ಬೆಂದಿಲ್ಲವೆಂದು ನಾನು ತಿಳಿದೆ. ಅದು ಹಾಗೇ ಕರುಮ್ ಎನ್ನಬೇಕಂತೆ. ಆಮೇಲೆ ಖಾರ, ಹುಳಿ ಕಲಸಿದ ಒಂದು ಬೇರಿನ ಕೋಸಂಬರಿ. ಬೆಳ್ಳಗೆ, ಸಪೂರ, ಗಿಣ್ಣು ಗಿಣ್ಣಾಗಿ ಗರಿಕೆಯ ಬೇರಿನ ಹಾಗೆ. “ತರಕಾರಿ. ನಮ್ಮೂರಿನದು” ಎಂದಳು. ಕರುಕುರು ಎಂದಿತು. ವಾಸನೆಯಿಲ್ಲದವನಿಗೆ ಉಳಿದ ಸುಖವೆಂದರೆ ಹಲ್ಲಿನದು. ತಟ್ಟೆ ಖಾಲಿ ಮಾಡಿದೆ. ಎದುರಿಗೆ ಸಾನಿಯಾ ಎರಡು ಬೆರಳಲ್ಲಿ ಮೂಗು ಹಿಡಿದು ಕೂತಿದ್ದಳು. ಯಾವ ವಾಸನೆಯೆಂದು ನಾನು ಕೇಳುವಂತಿರಲಿಲ್ಲ. ಕೇಳಿದರೆ ನನ್ನ ಗುಟ್ಟು ರಟ್ಟು. ಇರ್ಫಾನ್ ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಆಲೂಗಡ್ಡೆಗೆ ಕೈಹಾಕಿದ. ಹಿರಿಯರು ಉಣ್ಣುವುದನ್ನು ಕುರಿತು ಮಾತಾಡಬಾರದೆಂದು ಅವನ ತಾಯಿ ಕಲಿಸಿದ್ದಳು. ಒಳ್ಳೆಯ ಸಂಸ್ಕಾರ ಎಷ್ಟು ಅನರ್ಥಕ್ಕೆ ಕಾರಣವಾಗಬಲ್ಲದು ನೋಡಿ.

ಅಷ್ಟರಲ್ಲಿ ಇರ್ಫಾನ್ ಹೆಮ್ಮೆಯಿಂದ, ಇವರು ಸಾಮಾನ್ಯರಲ್ಲ, ಮೆಣಸಿನಕಾಯಿಯ ಪಂಡಿತರು, ಮೂಸಿಯೇ ಜಾತಕ ಹೇಳುತ್ತಾರೆ ಎಂದುಬಿಟ್ಟ. ಲಿನ್ ಒಳಗೆ ಹೋಗಿ ಒಂದು ಬಟ್ಟಲು ಮೆಣಸಿನ ಎಣ್ಣೆ ತಂದಿಟ್ಟಳು. ನಾನು ಬಾಗಿದೆ. ಕಣ್ಣು ಮುಚ್ಚಿದೆ. ಇಂಥ ಸಂದರ್ಭದಲ್ಲಿ ಎಷ್ಟು ಹೊತ್ತು ಮೌನವಾಗಿರಬೇಕೆಂಬುದು ಅನುಭವದಿಂದ ಬರುವ ವಿದ್ಯೆ. ತಲೆಯೆತ್ತಿ, “ಅದ್ಭುತ. ಹದವೆಂದರೆ ಇದು” ಎಂದೆ.

ಅವಳು ಒಂದು ಕ್ಷಣ ನನ್ನನ್ನೇ ದಿಟ್ಟಿಸಿ, ಬಟ್ಟಲು ಎತ್ತಿಕೊಂಡು ಹೋದಳು. ನಾವು ಹೊರಡುವಾಗ ಎಲ್ಲರ ಹಿಂದಿದ್ದ ನನ್ನ ಕೋಟಿನ ತೋಳು ಹಿಡಿದು, “ನಾಳೆ ನಾಲ್ಕು ಗಂಟೆಗೆ ಬಾ. ಒಬ್ಬನೇ ಬಾ” ಎಂದಳು.

ಹೋದೆ. ಹೋಟೆಲು ಖಾಲಿ. ಲಿನ್ ಎದುರು ಕೂತು ಹೇಳಿದಳು: “ನಿನ್ನೆಯ ಎಣ್ಣೆ ಸುಟ್ಟುಹೋಗಿತ್ತು. ಇಡೀ ಓಣಿಗೆ ಗೊತ್ತಿತ್ತು. ಅದನ್ನು ಉಳಿಸುವ ದಾರಿ ಇದೆಯೇ ಎಂದು ನಿನ್ನನ್ನು ಕೇಳಲು ತಂದಿದ್ದೆ. ನಿನ್ನ ಮೂಗು ಸತ್ತಿದೆ.”

ಅಷ್ಟು ದಿನ ಯಾರಿಗೂ ಹೇಳದ್ದನ್ನು ಆ ಪರದೇಶದ ಹೆಂಗಸಿಗೆ, ನನ್ನದಲ್ಲದ ಅವಳದೂ ಅಲ್ಲದ ಇಂಗ್ಲಿಷಿನಲ್ಲಿ, ಪೂರ್ತಿ ಹೇಳಿದೆ. ಚೀಲಗಳ ವಿಶ್ರಾಂತಿಯ ವಿಷಯ ಬಂದಾಗ ಅವಳು ಮೇಜು ಕುಟ್ಟಿ ನಕ್ಕಳು. ಆಮೇಲೆ ಹೇಳಿದಳು: “ನನಗೂ ಹೋಗಿತ್ತು. ನಾಲ್ಕು ತಿಂಗಳು. ಗಿರಾಕಿಗಳು ಬಾಯಿಗಿಟ್ಟುಕೊಂಡಾಗ ಅವರ ಮುಖ ನೋಡಿ ಅಡುಗೆ ಹೇಗಿದೆಯೆಂದು ತಿಳಿಯುತ್ತಿದ್ದೆ. ದಿನವೂ ಮೂಸಿದೆ. ಬಂತು. ನಿನಗೂ ಬರಬಹುದು.”

“ಬರಬಹುದು ಅಂದರೆ?”

“ಬಾರದೆಯೂ ಇರಬಹುದು. ಆದರೆ ಮೂಸಬೇಕು.”

ಅಂದಿನಿಂದ ವಾರಕ್ಕೆ ಮೂರು ದಿನ ನಾಲ್ಕು ಗಂಟೆಗೆ ನನ್ನ ಪಾಠ. ಕಣ್ಣಿಗೆ ಅಡುಗೆಮನೆಯ ಒರೆಸುಬಟ್ಟೆ ಕಟ್ಟಿ, ಎದುರಿಗೆ ನಾಲ್ಕು ಬಟ್ಟಲು ಇಡುತ್ತಿದ್ದಳು. ಐವತ್ತೆಂಟರ ವಯಸ್ಸಿನಲ್ಲಿ ಒಂದನೆಯ ತರಗತಿಗೆ ಮತ್ತೆ ಸೇರಿದ್ದೆ, ಅದೂ ಹಿಂದಿನ ಬೆಂಚಿನ ಹುಡುಗನಾಗಿ.

“ಇದೇನು?”

“ಬೆಳ್ಳುಳ್ಳಿ.”

“ವಿನೆಗರ್. ಇದು?”

“ವಿನೆಗರ್.”

“ನೀರು. ಊಹೆ ಮಾಡಬೇಡ, ಮೂಸು.”

ಪಾಠ ಮುಗಿದ ಮೇಲೆ ಊಟ. ಹಸಿರು ದಾರದ ಬಾಣಲೆಯಲ್ಲಿ ಬದನೆಕಾಯಿ, ತೋಫು, ಹುಳಿಸಾರಿನಲ್ಲಿ ಶಾವಿಗೆ, ಮತ್ತು ನಾನು ಕೇಳುವ ಮೊದಲೇ ಆ ಬೇರಿನ ಕೋಸಂಬರಿ. ಅವಳ ಗಂಡ ಕೂಡ ಅದನ್ನು ನಾನು ತಿನ್ನುವ ವೇಗ ನೋಡಲು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ನನಗೆ ಆ ಒಂಬತ್ತು ಮೇಜಿನ ಹೋಟೆಲು ಮನೆಯಾಯಿತು. ಅಲ್ಲಿಗೆ ಬರುವ ಚೀನಾದ ವಿದ್ಯಾರ್ಥಿಗಳು ನನಗೆ ಊಟದ ಕಡ್ಡಿ ಹಿಡಿಯಲು ಕಲಿಸಿದರು. ಪಕ್ಕದ ಚಪ್ಪಲಿ ಅಂಗಡಿಯ ಮುದುಕ ದಿನವೂ ಮಳೆ ನಿಂತಿದೆಯೆಂದು ಹೇಳಿ ಒದ್ದೆಯಾಗಿ ಒಳಗೆ ಬರುತ್ತಿದ್ದ. ಮಾರ್ಚ್ ಬಂತು. ಹೊತ್ತು ಮುಳುಗುವುದು ತಡವಾಯಿತು. ರಸ್ತೆಯಂಚಿನಲ್ಲೆಲ್ಲ ಹಳದಿ ಹೂವು ಎದ್ದವು. ಮೂಗು ಮಾತ್ರ ಎದ್ದಿರಲಿಲ್ಲ.

ಕಾರ್ಖಾನೆಯಲ್ಲಿ ಡೆಕ್ಲನ್ ಚೀಲಗಳ ಎದುರು ಸದ್ದು ಮಾಡದೆ ಓಡಾಡುತ್ತಿದ್ದ. ಅವು ಮಲಗಿರುವ ಮೂಲೆಗೆ ಹಗ್ಗ ಕಟ್ಟಿ, ‘ವಿಶ್ರಾಂತಿಯಲ್ಲಿವೆ’ ಎಂಬ ಫಲಕ ತೂಗುಹಾಕಿದ್ದ.

ಮಾರ್ಚ್ ಕೊನೆಯ ಗುರುವಾರಕ್ಕೆ ಚೀಲಗಳ ಆರು ವಾರ ಮುಗಿಯುತ್ತಿತ್ತು. ಭಾನುವಾರ ನನ್ನ ವಿಮಾನ. ಅದರ ಹಿಂದಿನ ಸೋಮವಾರದ ಪಾಠದಲ್ಲೂ ನಾನು ನಾಲ್ಕಕ್ಕೆ ನಾಲ್ಕು ತಪ್ಪಿದೆ.  ಲಿನ್ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ಎತ್ತಿಕೊಂಡು ಹೋದಳು. ಮನೆಗೆ ಬಂದು ಸಾಹುಕಾರರಿಗೆ ಕಾಗದ ಬರೆದೆ: ನನ್ನ ಮೂಗು ಹೋಗಿದೆ, ಈ ಚೀಲಗಳಿಗೆ ನಾನು ಸಹಿ ಹಾಕಲಾರೆ, ಇಷ್ಟು ದಿನ ತಿಳಿಸದಿದ್ದದ್ದು ನನ್ನ ತಪ್ಪು. ಮೂರು ಸಾಲು. ಮೂವತ್ತೊಂದು ವರ್ಷ ಮೂರು ಸಾಲಿನಲ್ಲಿ ಹಿಡಿಸಿತು. ಗುರುವಾರ ಬೆಳಗ್ಗೆ ಕಳಿಸುವುದೆಂದು ಮಡಿಚಿ ಕೋಟಿನ ಜೇಬಿಗೆ ಇಟ್ಟೆ.

ಮಂಗಳವಾರ ಸಂಜೆ ಇರ್ಫಾನ್ ನನಗೆ ಬೀಳ್ಕೊಡುಗೆಯೆಂದು ಅದೇ ಹೋಟೆಲಿಗೆ ಕರೆದುಕೊಂಡು ಹೋದ. ಅವನು, ಸಾನಿಯಾ, ನಾನು, ನರ್ಸಮ್ಮನಿಗೆ ಡ್ಯೂಟಿ. ಆಲೂಗಡ್ಡೆ ಬಂತು. ಅವನ ಹುಳಿಸಾರಿನ ಮೀನು ಬಂದು ಮೇಜಿನ ಆ ತುದಿಯಲ್ಲಿ ಕೂತಿತು. ನನ್ನ ಬೇರು ಬಂತು. ಸಾನಿಯಾ ರೂಢಿಯಂತೆ ಮೂಗು ಹಿಡಿದಳು. ನಾನು ಕಡ್ಡಿಯಲ್ಲಿ ದೊಡ್ಡದೊಂದು ತುತ್ತು ಎತ್ತಿ ಬಾಯಿಗಿಟ್ಟೆ.

ಅಗಿದೆ. ಎರಡನೆಯ ಸಲ ಅಗಿಯಲಿಲ್ಲ.

ಮೀನು. ಸಂದೇಹವೇ ಇಲ್ಲ. ಇರ್ಫಾನನ ತಟ್ಟೆಯದಲ್ಲ, ನನ್ನ ಬಾಯೊಳಗಿನದು. ನನ್ನ ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ವಿಭೂತಿ ಧರಿಸಿ ಮೇಜಿನ ಸುತ್ತ ಬಂದು ನಿಂತರು. ತುತ್ತನ್ನು ಕಾಗದದ ಕರವಸ್ತ್ರಕ್ಕೆ ಉಗಿದು ಎದ್ದು ನಿಂತೆ.

“ಲಿನ್! ಇದರಲ್ಲಿ ಮೀನಿದೆ!”

ಒಂಬತ್ತು ಮೇಜಿನವರೂ ಕಡ್ಡಿ ಕೆಳಗಿಟ್ಟು ತಿರುಗಿದರು. ಲಿನ್ ಗಲ್ಲಾದ ಹಿಂದಿನಿಂದ, “ಇಲ್ಲ” ಎಂದಳು.

“ಇದೆ! ಒಂದೂವರೆ ತಿಂಗಳಿಂದ ನನಗೆ ಮೀನು ತಿನ್ನಿಸಿದ್ದೀಯ! ನಂಬಿ ಬಂದಿದ್ದೆ ನಿನ್ನ ಹೋಟೆಲಿಗೆ!”

“ಮೀನು ಎಂದು ನಿನಗೆ ಹೇಗೆ ಗೊತ್ತು?”

“ಹೇಗೆ ಗೊತ್ತು ಅಂದರೇನು? ವಾಸನೆ! ಇಡೀ…”

ಅಲ್ಲಿಗೆ ನನ್ನ ಕೈ ತಾನಾಗಿಯೇ ಮೂಗಿಗೆ ಹೋಯಿತು.

ಲಿನ್ ಕೈಯಲ್ಲಿದ್ದ ತಟ್ಟೆಗಳನ್ನು ದಡಾರನೆ ಇಟ್ಟು ತನ್ನ ಭಾಷೆಯಲ್ಲಿ ಒಳಕ್ಕೆ ಕೂಗಿದಳು. ಅವಳ ಗಂಡ ಸೌಟು ಹಿಡಿದೇ ಓಡಿಬಂದ. ಅವಳು ನನ್ನ ತೋಳು ಹಿಡಿದು ಅಡುಗೆಮನೆಯೊಳಗಿಂದ ಹಿತ್ತಿಲಿಗೆ ಎಳೆದೊಯ್ದಳು. ಹಿಂದೆ ಇರ್ಫಾನ್, ಸಾನಿಯಾ, ಸೌಟು. ಹಿತ್ತಿಲಲ್ಲಿ ಯಾರೋ ಎಸೆದ ಹಳೆಯ ಸ್ನಾನದ ತೊಟ್ಟಿ, ಅದರ ತುಂಬ ಒದ್ದೆ ಮಣ್ಣು, ಮಣ್ಣಿನಿಂದ ಆಗಷ್ಟೇ ತಲೆಯೆತ್ತುತ್ತಿದ್ದ, ವೀಳ್ಯದೆಲೆಯ ಆಕಾರದ ಕೆಂಪು ಚಿಗುರು. ಅವಳು ಮೊಣಕೈತನಕ ಕೈಹಾಕಿ ಒಂದು ಉದ್ದನೆಯ ಬಿಳಿ ಬೇರು ಎಳೆದು, ನಲ್ಲಿಯಲ್ಲಿ ತೊಳೆದು, ಮುರಿದು ನನ್ನ ಮೂಗಿಗೆ ಹಿಡಿದಳು.

ಮೀನು. ಬೇರು. ವಾಸನೆ ಮೀನಿನದು, ವಸ್ತು ಬೇರು.

“ನಮ್ಮ ಊರಿನವರಿಗೆ ಪ್ರಾಣ. ಉಳಿದ ಚೀನಾದವರು ಹತ್ತಿರ ಬರುವುದಿಲ್ಲ” ಎಂದಳು ಲಿನ್. ಕಣ್ಣು ಒರೆಸಿಕೊಂಡರೆ ಮುಖಕ್ಕೆ ಕೆಸರು ಹತ್ತಿತು. “ಅದಕ್ಕೇ ಬಂದಾಗಲೆಲ್ಲ ಕೊಟ್ಟೆ. ಸತ್ತ ಮೂಗನ್ನೂ ಎಬ್ಬಿಸುವಷ್ಟು ನಾರುವುದು ನನ್ನ ಹತ್ತಿರ ಇದೊಂದೇ ಇದ್ದದ್ದು.”

“ಐ ಟೋಲ್ಡ್ ಯೂ, ಲೈಕ್” ಎಂದಳು ಸಾನಿಯಾ. ಅವಳು ಏನನ್ನೂ ಹೇಳಿರಲಿಲ್ಲ. ಮೂಗು ಹಿಡಿದದ್ದನ್ನೇ ಹೇಳಿಕೆಯೆಂದು ಲೆಕ್ಕಕ್ಕೆ ಹಿಡಿದಿದ್ದಳು.

ಇರ್ಫಾನನಿಗೆ ನಿಧಾನವಾಗಿ ಹೊಳೆಯಿತು. “ಅಂದ್ರ ಸರ್, ಇಷ್ಟ್ ದಿನಾ ನಿಮಗ ವಾಸನೀನ ಬರ್ತಿರ್ಲಿಲ್ಲೇನ್ರಿ?”

“ಇಲ್ಲಪಾ.”

“ನಾ ಅನ್ಕೊಂಡೆ, ಎಂಥಾ ದೊಡ್ಡ ಮನಸ್ಸಪ್ಪಾ ಇವರದು, ಇಂಥಾ ನಾತ ಇದ್ರೂ ಆಕೀ ಮನಸ್ಸ್ ನೋಯಿಸಬಾರ್ದಂತ ತಿಂತಾರ ಅಂತ!” ಸ್ವಲ್ಪ ತಡೆದು, “ಹಂಗಾರ ಆ ಚೀಲಾ ರೆಸ್ಟ್ ತಗೊಳ್ಳಾಕ್ಹತ್ತಿದ್ದು?” ಎಂದ.

ನಾನು ಆಕಾಶ ನೋಡಿದೆ. ಅವನು ಗೋಡೆ ಹಿಡಿದುಕೊಂಡು ಕೂತುಬಿಟ್ಟ. ನಕ್ಕು ನಕ್ಕು ಉಸಿರು ತಿರುಗಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಮತ್ತೆ ಒಳಗೆ ಬಂದು ಕೂತೆ. ಆ ಬೇರನ್ನು ಪುನಃ ಬಾಯಿಗಿಡಲು ಧೈರ್ಯ ಬೇಕಾಯಿತೆಂದು ಒಪ್ಪಿಕೊಳ್ಳುತ್ತೇನೆ. ಅಜ್ಜ ಮುತ್ತಜ್ಜಂದಿರಿಗೆ ಇದು ಬೇರು ಎಂದು ಮನದಲ್ಲೇ ವಿವರಿಸಿ, ತಟ್ಟೆ ಮುಗಿಸಿದೆ. ಲಿನ್ ನಾಲ್ಕು ಬಟ್ಟಲು ತಂದಳು, ಒರೆಸುಬಟ್ಟೆ ಕಟ್ಟಿದಳು. ಪಕ್ಕದ ಮೇಜಿನ ವಿದ್ಯಾರ್ಥಿಗಳೂ ಎದ್ದು ಬಂದರು. ವಿನೆಗರ್ ಎಂದೆ. ಬೆಳ್ಳುಳ್ಳಿ ಎಂದೆ. ಮೆಣಸಿನ ಎಣ್ಣೆ, ಈ ಸಲ ಸುಟ್ಟಿಲ್ಲ ಎಂದೆ. ನಾಲ್ಕನೆಯದಕ್ಕೆ ಬಹಳ ಹೊತ್ತು ಮೂಸಿ, ನೀರು ಎಂದೆ. ಹೋಟೆಲೇ ಚಪ್ಪಾಳೆ ತಟ್ಟಿತು.

ಹೊರಗೆ ಬಂದರೆ ಐರ್ಲೆಂಡಿಗೆ ವಾಸನೆಯಿತ್ತು. ಒದ್ದೆ ಉಣ್ಣೆಯ ಕೋಟು. ಯಾರದೋ ಹೊಗೆಗೂಡಿನ ಕಲ್ಲಿದ್ದಲು. ನದಿಯ ಇಳಿತದಲ್ಲಿ ಬಯಲಾದ ಕೆಸರು. ಇರ್ಫಾನನ ಕಾರಿನಲ್ಲಿ ಎಂದೋ ಚೆಲ್ಲಿದ ಹಾಲು. ಬ್ಯಾಲಿನ್‌ಕೊಲಿಗ್‌ನ ಮನೆಗಳ ಮುಂದೆ ವರ್ಷದ ಮೊದಲ ಸಲ ಕತ್ತರಿಸಿದ ಹುಲ್ಲು. ಕಾರಿನ ಕಿಟಕಿ ಇಳಿಸಿ ಮಳೆಗೆ ಮುಖವೊಡ್ಡಿ ಕೂತೆ. ಎರಡೂವರೆ ತಿಂಗಳು ಇದ್ದ ದೇಶಕ್ಕೆ ನಾನು ಬಂದು ಇಳಿದದ್ದು ಆ ಸಂಜೆ. ಜೇಬಿನ ಕಾಗದವನ್ನು ಸಾನಿಯಾ ಕೇಳಿ ತೆಗೆದುಕೊಂಡು ದೋಣಿ ಮಾಡಿದಳು.

ಗುರುವಾರ ಡೆಕ್ಲನ್ ಹಗ್ಗ ಬಿಚ್ಚಿದ. ನಾನು ನಲವತ್ತೆರಡು ಚೀಲಕ್ಕೂ ಒಂದೊಂದಾಗಿ ಮೂಗಿಟ್ಟೆ. ಅಷ್ಟು ಸುಖವಾಗಿ ನಾನೆಂದೂ ದುಡಿದಿಲ್ಲ. ಮೂವತ್ತೇಳಕ್ಕೆ ಸಹಿ ಹಾಕಿದೆ. ಐದರ ತಳದಲ್ಲಿ ಮುಗ್ಗಲು ಶುರುವಾಗಿತ್ತು, ಪಕ್ಕಕ್ಕೆ ಇಡಿಸಿದೆ. ಬಿಚ್ಚಿ ನೋಡಿದಾಗ ಐದರಲ್ಲೂ ಬಿಳಿ ಬೂಜು ಇತ್ತು. ಆಮೇಲೆ ಮನಸ್ಸು ತಡೆಯದೆ ಡೆಕ್ಲನ್‌ಗೆ ನಿಜ ಹೇಳಿದೆ: ವಿಶ್ರಾಂತಿ ಬೇಕಾಗಿದ್ದದ್ದು ಚೀಲಗಳಿಗಲ್ಲ, ನನ್ನ ಮೂಗಿಗೆ, ಆ ನಿಯಮ ತೆಗೆದುಹಾಕಿ.

ಡೆಕ್ಲನ್ ತಲೆ ಕೆರೆದುಕೊಂಡ. ಅದು ಆಗಲೇ ಅಚ್ಚಾಗಿ ಪುಸ್ತಕಕ್ಕೆ ಸೇರಿದೆ, ತೆಗೆಯಲು ಮೂವರ ಸಹಿ ಬೇಕು, ಅವರಲ್ಲಿ ಒಬ್ಬರು ನಿವೃತ್ತರಾಗಿದ್ದಾರೆ ಎಂದ.

ಗಿರಾಕಿ ಉಳಿದರು. ಆ ಕಾರ್ಖಾನೆಯಲ್ಲಿ ಹೊಸದಾಗಿ ಬಂದ ಮೆಣಸಿನಕಾಯಿ ಚೀಲಗಳಿಗೆ ಈಗಲೂ ಆರು ವಾರ ವಿಶ್ರಾಂತಿ ಕೊಡುತ್ತಾರೆ.